ಶಬ್ದಗಳ ತಪ್ಪು-ಒಪ್ಪು: ರೂಢಿಯ ಅಧಿಕಾರವೆಷ್ಟು?

ನಮ್ಮ ನುಡಿಯಲ್ಲಿ ತಪ್ಪು ಶಬ್ದಗಳು ದಿನದಿನಕ್ಕೆ ಹೆಚ್ಚುತ್ತಿವೆಯೆಂಬ ಕೂಗು ಸುಶಿಕ್ಷಿತರ ಸಭೆಗಳಲ್ಲಿ ಮೇಲಿಂದ ಮೇಲೆ ಕೇಳಬರುತ್ತದೆ. ಈ ಕೂಗಿಗೆ ಪ್ರತಿಯಾಗಿ ಇನ್ನೊಂದು ಮಾತೂ ಅಷ್ಟೇ ಗಟ್ಟಿಯಾಗಿ ಹೊರಡುತ್ತದೆ: ‘ಜನರು ಆಡಿದ್ದೇ ಭಾಷೆ, ಹತ್ತು ಜನರು ಆಡಿದ ಮೇಲೆ ಅದರಲ್ಲಿ ತಪ್ಪೆಲ್ಲಿಯದು?’ ಮೊದಲನೆಯ ಪಕ್ಷದವರು ಕೋಶವನ್ನು ಕೈಯಲ್ಲಿ ಹಿಡಿದು ನ್ಯಾಯಾಧೀಶರಂತೆ ಕುಳಿತಿರುವರು. ಎರಡನೆಯ ಪಕ್ಷದವರು ನ್ಯಾಯಾಲಯವೇ ಬೇಡವೆನ್ನುವರು. ಇದು ಬರಿಯ ಪಂಡಿತರ ಜಗಳವಾಗಿದ್ದರೆ ನಾವು ಇದಕ್ಕೆ ಪತ್ರಿಕೆಯ ಸ್ಥಳವನ್ನು ಕೊಡುತ್ತಿರಲಿಲ್ಲ. ಹುಡುಗನ ಬರವಣಿಗೆಯ ಮೇಲೆ ಕೆಂಪು ಗೆರೆಯನ್ನೆಳೆಯುವ ಶಿಕ್ಷಕರಿಗೂ, ಕಚೇರಿಗೆ ಅರ್ಜಿ ಬರೆಯುವ ನಾಗರಿಕರಿಗೂ, ವರ್ತಮಾನಪತ್ರವನ್ನು ಓದಿ ಒಬ್ಬ ಮನುಷ್ಯನ ಮಾನಾಪಮಾನವನ್ನು ನಿಶ್ಚಯಿಸುವ ನಮ್ಮೆಲ್ಲರಿಗೂ ಇದರಲ್ಲಿ ಸಂಬಂಧವುಂಟು. ಆದುದರಿಂದ ವಾಚಕರು ಸ್ವಲ್ಪ ಸಾವಧಾನದಿಂದ ಈ ವಿಷಯವನ್ನು ನಮ್ಮೊಡನೆ ವಿಚಾರಿಸಬೇಕೆಂದು ಕೋರುತ್ತೇವೆ.

ಮೊದಲು ಶುದ್ಧಿಪಕ್ಷದವರ ವಾದವನ್ನು ನೋಡೋಣ. ಶಬ್ದದ ಮೂಲಾರ್ಥವೇ ಅದರ ನಿಜವಾದ ಅರ್ಥ, ಅದರಿಂದ ಜಾರಿದುದೆಲ್ಲ ತಪ್ಪು ಎಂಬುದು ಅವರ ಸಿದ್ಧಾಂತ. ಇದನ್ನು ಒಪ್ಪಿದರೆ ನಾವು ಬಾಯಿ ತೆರೆಯುವದೇ ಕಷ್ಟವಾದೀತು. ‘ಶಿಕ್ಷೆ’ ಎಂಬ ಶಬ್ದವನ್ನೇ ತೆಗೆದುಕೊಳ್ಳಿರಿ. ಸಂಸ್ಕೃತದಲ್ಲಿ ಶಿಕ್ಷಾ ಎಂದರೆ ಕಲಿಸುವಿಕೆ. ಆರು ವೇದಾಂಗಗಳಲ್ಲಿ ಒಂದಾದ ಶಿಕ್ಷೆಯು ಉಚ್ಚಾರಣೆಯ ಶಾಸ್ತ್ರ. ಹಿಂದಿಯವರು ಇಂದಿಗೂ ಆ ಶಬ್ದದಿಂದ ವಿದ್ಯಾಭ್ಯಾಸವನ್ನೇ ತಿಳಿಯುತ್ತಾರೆ. ಕನ್ನಡಿಗರಿಗೂ ಮರಾಠಿಗರಿಗೂ ಶಿಕ್ಷೆಯೆಂದರೆ ದಂಡನೆ. ಕಲಿಸುವವನು ಶಿಕ್ಷಕ, ಕಲಿಸುವದು ಶಿಕ್ಷಣ, ಶಿಕ್ಷೆ ಮಾತ್ರ ಬೆತ್ತದೇಟು! ಹಳೆಯ ಕಾಲದ ಮಠಗಳಲ್ಲಿ ವಿದ್ಯೆಯೂ ಬೆತ್ತವೂ ಎಷ್ಟು ಜೊತೆಯಾಗಿದ್ದವೆಂಬುದಕ್ಕೆ ಈ ಶಬ್ದಕ್ಕಿಂತ ಒಳ್ಳೆಯ ಸಾಕ್ಷಿ ಬೇಕೇ?

‘ಅನುಮಾನ’ದ ಕಥೆ ಇನ್ನೂ ವಿಚಿತ್ರವಾದುದು. ತರ್ಕಶಾಸ್ತ್ರದಲ್ಲಿ ಅನುಮಾನವು ಒಂದು ಪ್ರಮಾಣ. ಹೊಗೆಯನ್ನು ಕಂಡು ಬೆಂಕಿಯನ್ನು ನಿಶ್ಚಯಿಸುವ ಮಾರ್ಗ. ಅಂದರೆ ಸಂಶಯವನ್ನು ಕಳೆಯತಕ್ಕ ಸಾಧನ. ಕನ್ನಡದಲ್ಲಿ ಅದೇ ಶಬ್ದವು ಸಂಶಯವೆಂಬ ಅರ್ಥವನ್ನು ಪಡೆದು ತನ್ನ ಮೂಲದ ಎದುರಿಗೆ ನಿಂತಿದೆ. ‘ಸಾಹಸ’ವು ಧರ್ಮಶಾಸ್ತ್ರಗಳಲ್ಲಿ ಬಲಾತ್ಕಾರದಿಂದ ಮಾಡಿದ ಅಪರಾಧದ ಹೆಸರು, ನಮ್ಮಲ್ಲಿ ಅದು ಶೌರ್ಯದ ಹೆಸರಾಗಿ, ಬಾಲಕರಿಗೆ ಅದಕ್ಕಾಗಿ ಪದಕಗಳನ್ನು ಕೊಡುತ್ತೇವೆ. ಭಗವದ್ಗೀತೆಯ ಎರಡನೆಯ ಅಧ್ಯಾಯದಲ್ಲಿ ಬರುವ ‘ವ್ಯವಸಾಯ’ವು ದೃಢನಿಶ್ಚಯ, ನಮ್ಮ ರೈತನ ವ್ಯವಸಾಯವು ಬೇಸಾಯ, ಹಿಂದಿಯವರ ವ್ಯವಸಾಯವು ವ್ಯಾಪಾರ ಇಲ್ಲವೆ ವೃತ್ತಿ. ಮಹಾಭಾರತದ ಉದ್ಯೋಗಪರ್ವದಲ್ಲಿ ಯಾರೂ ನೌಕರಿಯನ್ನು ಹುಡುಕುವದಿಲ್ಲ. ಅಲ್ಲಿ ಉದ್ಯೋಗವೆಂದರೆ ಯುದ್ಧದ ಸನ್ನಾಹ. ‘ಅಭ್ಯಂತರ’ವೆಂದರೆ ಒಳಗಿನದು, ‘ನನ್ನದೇನೂ ಅಭ್ಯಂತರವಿಲ್ಲ’ ಎನ್ನುವ ಕನ್ನಡಿಗನು ತನ್ನ ಒಳಗೆ ಏನೂ ಇಲ್ಲವೆಂದು ಹೇಳಿಕೊಳ್ಳುತ್ತಿರುವನೇ? ಈ ಎಲ್ಲ ಶಬ್ದಗಳನ್ನೂ ಮೂಲಕ್ಕೆ ಎಳೆದು ಕಟ್ಟಬೇಕೆನ್ನುವವರು ಪೇಟೆಯಲ್ಲಿ ಒಂದು ದಿನ ಹಾಗೆ ಮಾತನಾಡಿ ನೋಡಲಿ.

ಅರ್ಥವು ಏರಿದಂತೆ ಇಳಿಯುವದೂ ಉಂಟು. 1915ರಲ್ಲಿ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಸಿಕ್ಕ ಶಾಸನದಲ್ಲಿ ಅಶೋಕನ ಹೆಸರೂ ‘ದೇವಾನಾಂಪ್ರಿಯ’ ಎಂಬ ಅವನ ಬಿರುದೂ ಒಟ್ಟಿಗೆ ದೊರೆತವು. ಬಂಡೆಗಳ ಮೇಲೆ ಆ ಬಿರುದಿನಿಂದ ಮಾತನಾಡಿದ ಅರಸನು ಅಶೋಕನೇ ಎಂಬುದು ಇದರಿಂದ ಸ್ಥಿರವಾಯಿತು. ಆದರೆ ದೇವತೆಗಳಿಗೆ ಪ್ರಿಯನೆಂಬ ಈ ಗೌರವದ ಶಬ್ದವೇ ಮುಂದಿನ ವೈಯಾಕರಣರ ಗ್ರಂಥಗಳಲ್ಲಿ ಮೂರ್ಖನೆಂಬ ಅರ್ಥವನ್ನು ಹೊತ್ತು ನಿಂತಿತು. ಚಕ್ರವರ್ತಿಯ ಬಿರುದಿಗೂ ತಪ್ಪದ ಗತಿಯು ಮಿಕ್ಕ ಶಬ್ದಗಳಿಗೆ ತಪ್ಪೀತೇ?

ನಮ್ಮ ಪೂರ್ವಿಕರು ಈ ಸಂಗತಿಯನ್ನು ಚೆನ್ನಾಗಿ ಬಲ್ಲವರಾಗಿದ್ದರು. ಗಡಿಗೆ ಬೇಕಾದವನು ಕುಂಬಾರನ ಮನೆಗೆ ಹೋಗುತ್ತಾನೆ, ಆದರೆ ಶಬ್ದ ಬೇಕಾದವನು ವ್ಯಾಕರಣಕಾರನ ಮನೆಗೆ ಹೋಗಿ ಶಬ್ದ ಮಾಡಿಕೊಡೆಂದು ಕೇಳುವದಿಲ್ಲವೆಂದು ಪತಂಜಲಿಯು ಮಹಾಭಾಷ್ಯದಲ್ಲಿ ಹೇಳಿದನು. ಕೆಸರಿನಲ್ಲಿ ಹುಟ್ಟಿದುದೆಲ್ಲ ‘ಪಂಕಜ’ವಾಗದೆ ಕಮಲವೊಂದೇ ಪಂಕಜವಾಗುವದು ರೂಢಿಯ ಬಲದಿಂದ, ವ್ಯುತ್ಪತ್ತಿಗಿಂತ ರೂಢಿಯೇ ಬಲವತ್ತರವೆಂಬುದು ಶಾಸ್ತ್ರಜ್ಞರೇ ಒಪ್ಪಿದ ನ್ಯಾಯ. ಕನ್ನಡಕ್ಕೆ ಬಂದರೆ, ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ದೇಶಕಾಲಗಳನ್ನು ನೋಡದೆ ಸವೆದುಹೋದ ಹಳೆಯ ರೂಪಗಳನ್ನು ತುರುಕುವ ಕವಿಗಳನ್ನು ಹಾಸ್ಯ ಮಾಡಿದೆ. ನಾಡಿನ ಕನ್ನಡಗಳು ಬೇರೆ ಬೇರೆಯಾಗಿರುವದರಿಂದ ಅವುಗಳ ದೋಷಗಳನ್ನು ಎಣಿಸಹೊರಟರೆ ಸಾವಿರ ನಾಲಗೆಯ ವಾಸುಕಿಯೂ ಬೇಸತ್ತಾನೆಂಬ ತಾತ್ಪರ್ಯದ ಮಾತೂ ಅದರಲ್ಲಿಯೇ ಇದೆ. ನಮ್ಮ ನುಡಿಯ ಮೊದಲ ಲಕ್ಷಣಗ್ರಂಥದಲ್ಲಿಯೇ ಇಂಥ ವಿವೇಕವಿರುವದು ಅಭಿಮಾನಾಸ್ಪದವಾದ ಸಂಗತಿ.

ಅಚ್ಚಗನ್ನಡದ ಶಬ್ದಗಳಿಗೂ ಇದೇ ನಿಯಮ. ಸುಮಾರು 1260ರಲ್ಲಿ ಶಬ್ದಮಣಿದರ್ಪಣವನ್ನು ಬರೆದ ಕೇಶಿರಾಜನು ೞಕಾರವಿರುವ ಶಬ್ದಗಳನ್ನು ಪಟ್ಟಿ ಮಾಡಿಕೊಟ್ಟನು. ಜನರ ಬಾಯಲ್ಲಿ ಆ ಭೇದವು ಅಳಿಸಿಹೋಗುತ್ತಿದ್ದುದರಿಂದಲೇ ಪಟ್ಟಿಯು ಬೇಕಾಯಿತು. ಆಗ ‘ಬಾೞ್’ ಎಂದರೆ ಜೀವಿಸುವದು, ‘ಬಾಳ್’ ಎಂದರೆ ಖಡ್ಗ. ಇಂದು ಎರಡೂ ‘ಬಾಳು’. ಒಂದು ಭೇದವು ಹೋಯಿತು, ನಿಜ. ಆದರೆ ಕನ್ನಡಿಗನು ಖಡ್ಗವನ್ನು ಕತ್ತಿಯೆಂದು ಕರೆದು ತನ್ನ ಕೆಲಸವನ್ನು ಸಾಗಿಸಿಕೊಂಡನು. ಇನ್ನೊಂದು ಕಡೆಗೆ, ಹಳಗನ್ನಡದಲ್ಲಿ ‘ಪಾಲ್’ ಎಂಬ ಒಂದೇ ರೂಪವು ಕುಡಿಯುವ ಹಾಲಿಗೂ ಆಸ್ತಿಯ ಭಾಗಕ್ಕೂ ಸಲ್ಲುತ್ತಿತ್ತು. ಪಕಾರವು ಹಕಾರವಾದ ಮೇಲೆ ‘ಹಾಲು’ ಬೇರೆ, ‘ಪಾಲು’ ಬೇರೆಯಾಗಿ, ಇಲ್ಲದ ಭೇದವೊಂದು ಹುಟ್ಟಿತು. ಹೀಗೆ ಬದಲಾವಣೆಯು ಒಂದು ಕೈಯಿಂದ ಕಿತ್ತುಕೊಂಡರೆ ಇನ್ನೊಂದು ಕೈಯಿಂದ ಕೊಡುತ್ತದೆ. ಮತ್ತೆ ‘ದೇವರು ಇದ್ದಾನೆ’ ಎಂಬ ಮಾತನ್ನು ವ್ಯಾಕರಣದಿಂದ ಅಳೆದು ನೋಡಿರಿ. ಕರ್ತೃಪದವು ಬಹುವಚನ, ಕ್ರಿಯಾಪದವು ಏಕವಚನ! ಹಾಗೆಂದು ‘ದೇವರು ಇದ್ದಾರೆ’ ಎಂದು ತಿದ್ದಿದರೆ ಗೌರವವು ಹೆಚ್ಚಿದಂತೆ ಕಂಡರೂ ಕಷ್ಟಕಾಲದಲ್ಲಿ ನಮ್ಮ ತಾಯಂದಿರ ಬಾಯಿಂದ ಬರುವ ಆ ಮಾತಿನ ಬಿಸುಪು ಹೋಗುವದು.

ಇಷ್ಟನ್ನು ಕೇಳಿ ಎರಡನೆಯ ಪಕ್ಷದವರು ತಾವು ಗೆದ್ದೆವೆಂದು ಚಪ್ಪಾಳೆ ತಟ್ಟಬಹುದು. ಆದರೆ ಅವರಿಗೆ ನಮ್ಮದೊಂದು ಪ್ರಶ್ನೆಯುಂಟು. ರೂಢಿಯೆಂದರೆ ಯಾರ ರೂಢಿ? ಶಬ್ದವನ್ನು ಬದಲಿಸಿದವರು ಯಾರು? ಇದನ್ನು ಕೇಳದೆ ‘ಬಳಕೆಯಾಯಿತು, ಆದುದರಿಂದ ಸರಿ’ ಎನ್ನುವವರು ತಮಗೆ ಅರಿವಿಲ್ಲದೆ ಅಧಿಕಾರವುಳ್ಳವರ ಬಂಟರಾಗುವರು.

ನಮ್ಮ ನಾಡಿನ ಹೆಸರೇ ಇದಕ್ಕೆ ದೃಷ್ಟಾಂತ. ಕರ್ನಾಟಕವೆಂಬುದು ಘಟ್ಟದ ಮೇಲಣ ಕನ್ನಡ ನಾಡಿನ ಹೆಸರು. ವಿಜಯನಗರದ ಅರಸರ ಆಳ್ವಿಕೆಯು ತೆಂಕಣ ಬಯಲುಸೀಮೆಗೆ ಹಬ್ಬಿದಾಗ ಹೆಸರೂ ಅವರೊಡನೆ ಅಲ್ಲಿಗೆ ಹೋಯಿತು. ಮುಂದೆ ಇಂಗ್ಲಿಷರು ಆ ಹೆಸರನ್ನು ‘ಕರ್ನಾಟಿಕ್’ ಮಾಡಿ ಅರ್ಕಾಟಿನ ನವಾಬನ ಸೀಮೆಗೆ ಅಂಟಿಸಿದರು. ಹದಿನೆಂಟನೆಯ ಶತಮಾನದ ‘ಕರ್ನಾಟಿಕ್ ಯುದ್ಧ’ಗಳು ಹೆಚ್ಚಾಗಿ ನಡೆದುದು ತಮಿಳು ನೆಲದಲ್ಲಿ. ಅತ್ತ ನಮ್ಮ ಹೆಸರು ಪರರ ಪಾಲಾದರೆ, ಇತ್ತ ಧಾರವಾಡ, ಬೆಳಗಾವಿ, ವಿಜಾಪುರಗಳ ಕನ್ನಡ ಸೀಮೆಯು ಸರಕಾರಿ ಕಾಗದಗಳಲ್ಲಿ ‘ದಕ್ಷಿಣ ಮರಾಠಾ ದೇಶ’ವೆನಿಸಿತು. 1882ರಲ್ಲಿ ಸ್ಥಾಪಿತವಾಗಿ ಧಾರವಾಡದಲ್ಲಿಯೇ ಮುಖ್ಯ ಕಚೇರಿಯನ್ನಿಟ್ಟ ರೇಲ್ವೆ ಕಂಪನಿಯ ಹೆಸರೂ ‘ಸದರ್ನ್ ಮರಾಠಾ ರೇಲ್ವೆ’! ಈ ಹೆಸರು ಕಾಗದದಲ್ಲಿತ್ತು, ನಕಾಶೆಯಲ್ಲಿತ್ತು, ರೇಲ್ವೆಯ ಚೀಟಿಯ ಮೇಲೆಯೂ ಇತ್ತು. ಬಳಕೆಯೇ ಪ್ರಮಾಣವಾಗಿದ್ದರೆ ಅದಕ್ಕಿಂತ ಹೆಚ್ಚಿನ ಬಳಕೆ ಯಾವದು? ಆದರೂ ನಮ್ಮ ಹಿರಿಯರು ಅದನ್ನು ಒಪ್ಪಲಿಲ್ಲ. ಡೆಪ್ಯೂಟಿ ಚೆನ್ನಬಸಪ್ಪನವರು ಆ ಸೀಮೆಯಲ್ಲಿ ಕನ್ನಡ ಶಾಲೆಗಳಿಗಾಗಿ ದುಡಿದುದೂ, 1890ರಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘವು ಹುಟ್ಟಿದುದೂ ಆ ಒಪ್ಪದಿರುವಿಕೆಯ ಫಲಗಳೇ. 1956ನೆಯ ನವಂಬರ 1ರಂದು ನಾಡು ಒಂದಾಯಿತು; 1973ರ ಅದೇ ದಿನ ಅದಕ್ಕೆ ಕರ್ನಾಟಕವೆಂಬ ಹೆಸರು ಮರಳಿ ದೊರೆಯಿತು. 2014ರ ನವಂಬರ 1ರಿಂದ ಬೆಳಗಾವಿ, ಹುಬ್ಬಳ್ಳಿ, ಬೆಂಗಳೂರು ಮೊದಲಾದ ಹನ್ನೆರಡು ಊರುಗಳ ಹೆಸರುಗಳನ್ನು ಇಂಗ್ಲಿಷಿನಲ್ಲಿಯೂ ಕನ್ನಡದ ಉಚ್ಚಾರದಂತೆಯೇ ಬರೆಯತಕ್ಕದ್ದೆಂದಾಯಿತು. ತಪ್ಪು ಹೆಸರು ನೂರು ವರುಷ ಬಳಕೆಯಲ್ಲಿದ್ದರೂ ಅದನ್ನು ತಿದ್ದಬಹುದೆಂಬುದನ್ನು ಕನ್ನಡಿಗರು ಹೀಗೆ ಮಾಡಿ ತೋರಿಸಿದ್ದಾರೆ.

ಆದಕಾರಣ ತಪ್ಪು-ಒಪ್ಪುಗಳನ್ನು ನಿರ್ಣಯಿಸಲು ಮೂರು ಪ್ರಶ್ನೆಗಳನ್ನು ಕೇಳಬೇಕೆಂದು ನಾವು ಸೂಚಿಸುತ್ತೇವೆ. ಒಂದನೆಯದು: ಈ ಬದಲಾವಣೆಯನ್ನು ಮಾಡಿದವರು ಯಾರು? ತಲೆತಲಾಂತರದಿಂದ ಜನರ ನಾಲಗೆಯೋ, ಒಂದು ಕಚೇರಿಯ ಲೇಖಣಿಯೋ, ಇಲ್ಲವೆ ಅವಸರದ ಮುದ್ರಣವೋ? ಎರಡನೆಯದು: ಇದರಿಂದ ನಮಗೆ ಬೇಕಾದ ಯಾವದಾದರೊಂದು ಅರ್ಥಭೇದವು ನಷ್ಟವಾಗುವದೇ, ನಷ್ಟವಾದರೆ ಅದನ್ನು ತುಂಬಿಕೊಡುವ ಬೇರೆ ಶಬ್ದವುಂಟೇ? ಮೂರನೆಯದು: ಇದು ಕನ್ನಡದ ಜಾಯಮಾನಕ್ಕೆ ಹೊಂದುವದೇ? ಈ ಮೂರು ಒರೆಗಲ್ಲುಗಳ ಮೇಲೆ ನಿತ್ಯದ ಕೆಲವು ಶಬ್ದಗಳನ್ನು ತಿಕ್ಕಿ ನೋಡೋಣ.

ಹಬ್ಬ ಬಂದಿತೆಂದರೆ ನಮ್ಮ ಬೀದಿಗಳಲ್ಲಿ ‘ಹಾರ್ಧಿಕ ಶುಭಾಷಯಗಳು’ ಎಂಬ ಫಲಕಗಳು ತೂಗುತ್ತವೆ. ಎರಡು ಶಬ್ದಗಳಲ್ಲಿ ಎರಡು ತಪ್ಪು. ಹೃದಯಕ್ಕೆ ಸಂಬಂಧಿಸಿದುದು ‘ಹಾರ್ದಿಕ’; ಶುಭವಾದ ಆಶಯವು ‘ಶುಭಾಶಯ’. ಇವುಗಳನ್ನು ಜನರ ನಾಲಗೆಯು ಬದಲಿಸಿಲ್ಲ. ಫಲಕವನ್ನು ಬರೆದವನೂ ಬರೆಯಿಸಿದವನೂ ನೋಡದೆ ಬಿಟ್ಟದ್ದು ಇದು. ‘ವಿಧ್ಯಾರ್ಥಿ’, ‘ಉಚ್ಛ ಶಿಕ್ಷಣ’, ‘ಪಶ್ಚಾತಾಪ’, ‘ಕೋಟ್ಯಾಧಿಪತಿ’ಗಳದೂ ಇದೇ ಜಾತಿ. ಇಲ್ಲಿ ರೂಢಿಯ ಹೆಸರು ಹೇಳುವದು ಸೋಮಾರಿತನಕ್ಕೆ ಶಾಲು ಹೊದಿಸಿದಂತೆ. ತಿದ್ದುವದೇ ಯೋಗ್ಯ, ತಿದ್ದುವದಕ್ಕೆ ಖರ್ಚೂ ಇಲ್ಲ.

‘ಸ್ವತಂತ್ರ’ ಮತ್ತು ‘ಸ್ವಾತಂತ್ರ್ಯ’ಗಳ ಗೊಂದಲವು ಇದಕ್ಕಿಂತ ದೊಡ್ಡದು. ಸ್ವತಂತ್ರವು ಗುಣವಾಚಕ, ಸ್ವಾತಂತ್ರ್ಯವು ಆ ಸ್ಥಿತಿ. ಮನುಷ್ಯನು ಸ್ವತಂತ್ರನಾಗಿರುವನು, ಅವನಿಗೆ ಸ್ವಾತಂತ್ರ್ಯವಿರುವದು. ‘ದೇಶಕ್ಕೆ ಸ್ವತಂತ್ರ ಬಂದಿತು’ ಎಂದು ಬರೆಯುವವರೂ, ‘ಸ್ವಾತಂತ್ರ ದಿನ’ವೆಂದು ಯಕಾರವನ್ನು ನುಂಗುವವರೂ ಕಡಿಮೆಯಿಲ್ಲ. ಜನರು ಸೆರೆಮನೆಯ ಕಷ್ಟವನ್ನುಂಡು ಪಡೆದ ವಸ್ತುವಿನ ಹೆಸರನ್ನು ಅರ್ಧಕ್ಕೆ ಬಿಡುವದು ಶೋಭಿಸುವದಿಲ್ಲ. ಮಾತಿನಲ್ಲಿ ಕ್ಷಮ್ಯ, ಬರಹದಲ್ಲಿ ಅಲ್ಲ.

ಎಲ್ಲಕ್ಕೂ ಘೋರವಾದುದು ‘ಆರೋಪಿ’ ಮತ್ತು ‘ಅಪರಾಧಿ’ಗಳನ್ನು ಒಂದೇ ಮಾಡುವದು. ‘ಆರೋಪಿತ’ನೆಂದೇ ಹೇಳಬೇಕೆಂದು ಕೆಲವರು ವಾದಿಸುವರು, ಆ ವಾದವನ್ನು ಬಿಡೋಣ, ಆರೋಪ ಹೊತ್ತವನು ಆರೋಪಿಯೆಂಬುದು ನೆಲೆನಿಂತ ರೂಢಿ. ಆದರೆ ಆರೋಪ ಹೊತ್ತವನು ಬೇರೆ, ನ್ಯಾಯಾಲಯದಲ್ಲಿ ತಪ್ಪು ಸಿದ್ಧವಾದವನು ಬೇರೆ. ಪೋಲೀಸರು ಹಿಡಿದ ದಿನವೇ ಒಬ್ಬನನ್ನು ‘ಅಪರಾಧಿ’, ‘ಕಳ್ಳ’, ‘ಕೊಲೆಗಡುಕ’ ಎಂದು ದಪ್ಪಕ್ಷರದಲ್ಲಿ ಅಚ್ಚು ಹಾಕಿದರೆ, ಮುಂದೆ ಅವನು ನಿರ್ದೋಷಿಯೆಂದು ಬಿಡುಗಡೆಯಾದಾಗ ಆ ಅಚ್ಚನ್ನು ಅಳಿಸುವವರು ಯಾರು? ಅವನ ಮನೆಯ ಹೆಣ್ಣು ಮಕ್ಕಳು ಊರ ಭಾವಿಯ ಹತ್ತಿರ ಕೇಳಬೇಕಾದ ಮಾತಿಗೆ ಹೊಣೆ ಯಾರು? ಇಲ್ಲಿ ಶಬ್ದದ ತಪ್ಪು ಮನುಷ್ಯನ ಮೇಲಿನ ಅನ್ಯಾಯವಾಗುವದು. ನೂರು ಪತ್ರಿಕೆಗಳು ನೂರು ವರುಷ ಹೀಗೆ ಬರೆದರೂ ಇದನ್ನು ರೂಢಿಯೆಂದು ಒಪ್ಪಲಾಗದು. ಸ್ವರದ ತಪ್ಪಿನಿಂದ ‘ಇಂದ್ರಶತ್ರು’ ಎಂಬ ಮಾತಿನ ಅರ್ಥವು ತಿರುಗಿ, ಇಂದ್ರನನ್ನು ಕೊಲ್ಲಬೇಕಾದವನು ಇಂದ್ರನಿಂದಲೇ ಹತನಾದನೆಂಬ ಪುರಾತನ ಕಥೆಯನ್ನು ನಾವು ಪುರಾಣವೆಂದು ನಕ್ಕುಬಿಡುತ್ತೇವೆ. ಶಬ್ದದ ತಪ್ಪಿನಿಂದ ಜೀವಂತ ಮನುಷ್ಯರು ಮಾನ ಕಳೆದುಕೊಳ್ಳುವದು ಇಂದಿನ ಕಾಲದಲ್ಲಿಯೂ ನಡೆದೇ ಇದೆ.

ಇನ್ನು ನಡುವಿನ ಶಬ್ದಗಳು ಕೆಲವುಂಟು. ಪ್ರಧಾನದಿಂದ ‘ಪ್ರಾಧಾನ್ಯ’ವಾದ ಮೇಲೆ ಅದಕ್ಕೆ ಮತ್ತೆ ‘ತೆ’ ಹಚ್ಚಿ ‘ಪ್ರಾಧಾನ್ಯತೆ’ ಮಾಡುವದು ಟೊಪ್ಪಿಗೆಯ ಮೇಲೆ ರುಮಾಲು ಸುತ್ತಿದಂತೆ. ‘ಸೌಜನ್ಯತೆ’, ‘ನೈಪುಣ್ಯತೆ’, ‘ಐಕ್ಯತೆ’ಗಳೂ ಹೀಗೆಯೇ. ಐಕ್ಯವೆಂದರೂ ಸಾಕು, ಏಕತೆಯೆಂದರೂ ಸಾಕು. ಎರಡನ್ನೂ ಕೂಡಿಸಿದರೆ ಒಗ್ಗಟ್ಟು ಇಮ್ಮಡಿಯಾಗುವದಿಲ್ಲ. ಆದರೂ ಇವುಗಳಿಂದ ಅರ್ಥಕ್ಕೆ ಹಾನಿಯಿಲ್ಲ. ಎಚ್ಚರವುಳ್ಳ ಲೇಖಕರು ಇವನ್ನು ಬಿಡುವದು ಒಳ್ಳೆಯದು. ಆದರೆ ಇವನ್ನು ಬರೆದ ಹುಡುಗನಿಗೆ ಸೊನ್ನೆ ಹಾಕುವದು ಅನ್ಯಾಯ. ‘ಮಹತ್ತ್ವ’, ‘ತತ್ತ್ವ’ಗಳನ್ನು ‘ಮಹತ್ವ’, ‘ತತ್ವ’ ಎಂದು ಬರೆಯುವದು ಇಂದು ನಾಡಿನಲ್ಲೆಲ್ಲ ಹರಡಿದೆ. ಕನ್ನಡಿಗನ ಕಿವಿಗೆ ಆ ಭೇದವು ಕೇಳುವದೇ ಇಲ್ಲ. ಅದನ್ನು ಒಪ್ಪಿಕೊಳ್ಳುವದರಲ್ಲಿ ದೋಷ ಕಾಣಿಸದು. ಅಂತರ್ರಾಷ್ಟ್ರೀಯ, ಅಂತಾರಾಷ್ಟ್ರೀಯ, ಅಂತರರಾಷ್ಟ್ರೀಯವೆಂಬ ಮೂರು ರೂಪಗಳ ಜಗಳದಲ್ಲಿ ಮೂರು ಕಡೆಗೂ ವಾದವುಂಟು. ಒಂದನ್ನು ಆಯ್ದುಕೊಂಡು ಒಂದೇ ಬರಹದಲ್ಲಿ ಅದನ್ನೇ ಬಳಸಿದರೆ ಸಾಕು.

ಈಗ ಈ ವಿಚಾರದ ತಿರುಳಿಗೆ ಬರುವೆವು. ಶುದ್ಧಿಪಕ್ಷದವರು ತಪ್ಪೆಂದು ಕರೆಯುವ ಶಬ್ದಗಳಲ್ಲಿ ಬಹು ಭಾಗವು ತಪ್ಪೂ ಅಲ್ಲ, ಹೊಸ ರೂಢಿಯೂ ಅಲ್ಲ. ನಾಡಿನ ಇನ್ನೊಂದು ಮೂಲೆಯ ಹಳೆಯ ಕನ್ನಡ. ನೂರಾರು ವರುಷ ಬೇರೆ ಬೇರೆ ಆಳರಸರ ಕೈಕೆಳಗೆ ಹರಿದು ಹಂಚಿಹೋಗಿದ್ದ ನಾಡಿನಲ್ಲಿ ಇದು ಸ್ವಾಭಾವಿಕವೇ. ಮೈಸೂರಿನಲ್ಲಿ ತಾಲೂಕಿನ ಅಧಿಕಾರಿಯು ಅಮಲ್ದಾರನಾದರೆ ಮುಂಬಯಿ ಇಲಾಖೆಯಲ್ಲಿ ಅವನು ಮಾಮಲೇದಾರ; ಹೈದರಾಬಾದು ಮತ್ತು ಮದ್ರಾಸುಗಳ ಕಡೆಗೆ ತಹಸೀಲ್ದಾರ. ಏಕೀಕರಣದ ತರುವಾಯ ಎಲ್ಲರೂ ತಹಸೀಲ್ದಾರರಾದರು. ಕಚೇರಿಯ ಹೆಸರನ್ನು ಹೀಗೆ ಒಂದು ಮಾಡಬಹುದು. ಮನೆಯ ಮಾತನ್ನು ಹಾಗೆ ಮಾಡಲಾಗದು, ಮಾಡಲೂ ಬಾರದು. ಒಂದು ಕಡೆಯ ‘ಬಹುಮಾನ’ವು ಇನ್ನೊಂದು ಕಡೆಗೆ ‘ಪಾರಿತೋಷಕ’. ಒಬ್ಬರ ‘ಪರವಾಗಿಲ್ಲ’ವು ಇನ್ನೊಬ್ಬರ ‘ಅಡ್ಡಿಯಿಲ್ಲ’. ಮೈಸೂರಿನವರು ವಿಶ್ವವಿದ್ಯಾನಿಲಯವೆಂದರು, ಧಾರವಾಡದವರು ವಿಶ್ವವಿದ್ಯಾಲಯವೆಂದರು. ಎರಡೂ ಕಡೆಗೆ ಪದವಿಗಳು ಒಂದೇ ತರದಲ್ಲಿ ದೊರೆಯುತ್ತವೆ. ಬಡಗಣ ಸೀಮೆಯವನು ಜೋಳವೆಂದರೆ ರೊಟ್ಟಿಯ ಬಿಳಿ ಜೋಳವೆಂದು ತಿಳಿಯುವನು. ತೆಂಕಣವರಲ್ಲಿ ಅನೇಕರಿಗೆ ಅದೇ ಶಬ್ದದಿಂದ ಮುಸುಕಿನ ಜೋಳವು ನೆನಪಾಗುವದು. ಇಂಗ್ಲಿಷಿನ ಒಂದೇ ಶಬ್ದದಿಂದ ಒಂದು ಕಡೆಗೆ ‘ಮಾಸ್ತರ’, ಇನ್ನೊಂದು ಕಡೆಗ ‘ಮೇಷ್ಟ್ರು’ ಹುಟ್ಟಿದರು. ಇಬ್ಬರೂ ಕಲಿಸಿದ್ದು ಅದೇ ಮಗ್ಗಿ. ಈ ಲೇಖನದಲ್ಲಿಯೇ ‘ಆಗುವದು’, ‘ಮಾಡುವದು’ ಎಂದು ಬರೆದಿದೆ. ‘ಆಗುವುದು’ ಎಂದು ಬರೆಯುವವರು ಇದನ್ನು ಅಚ್ಚಿನ ದೋಷವೆಂದು ಎಣಿಸಬಹುದು. ಆದರೆ ಇದು ಒಂದು ಸೀಮೆಯ ಸುಶಿಕ್ಷಿತರು ತಲೆಮಾರುಗಳಿಂದ ಬರೆದುಕೊಂಡು ಬಂದ ರೂಪ.

ಶಿಕ್ಷಕ ಬಂಧುಗಳಲ್ಲಿ ನಮ್ಮ ವಿಶೇಷ ವಿಜ್ಞಾಪನೆಯು ಇಲ್ಲಿಯೇ ಇದೆ. ಬೀದರದ ಹುಡುಗನು ಬೆಂಗಳೂರಿನ ಶಾಲೆಗೆ ಬಂದಾಗ, ಇಲ್ಲವೆ ಕುಂದಾಪುರದ ಹುಡುಗಿಯು ಹುಬ್ಬಳ್ಳಿಯ ಶಾಲೆಯಲ್ಲಿ ಕುಳಿತಾಗ, ಅವರ ಬಾಯಿಂದ ಹೊರಡುವ ಪರಿಚಯವಿಲ್ಲದ ಶಬ್ದವನ್ನು ಕೇಳಿ ವರ್ಗದ ಮಕ್ಕಳು ನಗಬಹುದು. ಶಿಕ್ಷಕರೂ ನಗೆಯಲ್ಲಿ ಸೇರಿದರೆ ಆ ಮಗುವು ಅಂದಿನಿಂದ ಬಾಯಿ ಮುಚ್ಚಿಕೊಳ್ಳುವದು, ಇಲ್ಲವೆ ಮನೆಯ ಮಾತಿಗೆ ನಾಚಿಕೊಳ್ಳುವದು. ಕೆಂಪು ಮಸಿಯನ್ನು ಹಾಕುವ ಮೊದಲು ಒಂದು ಕ್ಷಣ ನಿಂತು ವಿಚಾರಿಸಿರಿ: ಇದು ತಪ್ಪೋ, ಬೇರೆಯೋ? ‘ಶುಭಾಷಯ’ವಾದರೆ ಅವಶ್ಯವಾಗಿ ತಿದ್ದಿರಿ. ಬೇರೆ ಸೀಮೆಯ ಶಬ್ದವಾದರೆ ಕಪ್ಪು ಹಲಗೆಯ ಮೇಲೆ ಅದನ್ನು ಬರೆದು, ಅದರ ಎದುರಿಗೆ ನಿಮ್ಮೂರ ಶಬ್ದವನ್ನೂ ಬರೆದು, ಕನ್ನಡದ ಸಂಪತ್ತು ಎರಡರಷ್ಟಿದೆಯೆಂದು ಮಕ್ಕಳಿಗೆ ತಿಳಿಸಿರಿ.

ಕೋಶದ ಮಾತನ್ನೂ ಇಲ್ಲಿ ಹೇಳಿಬಿಡಬೇಕು. ಕೋಶವು ಕಾಯದೆಯ ಪುಸ್ತಕವಲ್ಲ, ಅದೊಂದು ದಫ್ತರ. 1894ರಲ್ಲಿ ಕಿಟ್ಟೆಲರ ಕೋಶವು ಮಂಗಳೂರಿನಲ್ಲಿ ಅಚ್ಚಾಯಿತು. ತರುವಾಯ ಕನ್ನಡ ಸಾಹಿತ್ಯ ಪರಿಷತ್ತು ಎಂಟು ಸಂಪುಟಗಳ ನಿಘಂಟನ್ನು ಹೊರತಂದು, ಶಾಸನಗಳಿಂದಲೂ ಕಾವ್ಯಗಳಿಂದಲೂ ಪ್ರಯೋಗಗಳನ್ನು ಎತ್ತಿ ತೋರಿಸಿತು. ಆ ಕಾರ್ಯದಲ್ಲಿ ಪ್ರಮುಖರಾಗಿದ್ದ ಜಿ. ವೆಂಕಟಸುಬ್ಬಯ್ಯನವರು (1913–2021) ‘ಇಗೋ ಕನ್ನಡ’ ಎಂಬ ಅಂಕಣದಲ್ಲಿ ಶಬ್ದಗಳ ವಿಷಯವಾಗಿ ಜನರು ಕೇಳಿದ ಸಂದೇಹಗಳಿಗೆ ಬಹು ವರುಷ ಉತ್ತರ ಕೊಟ್ಟರು. ಜನರೂ ಕೇಳಿದರು, ಪಂಡಿತರೂ ಹೇಳಿದರು; ಎರಡು ಕಡೆಯ ಆಸ್ಥೆಯೂ ಇದ್ದುದರಿಂದ ಆ ಕೆಲಸವು ಸಾಗಿತು. ಜನರು ಕೇಳುವದನ್ನು ಬಿಟ್ಟರೆ ಪಂಡಿತರ ಕೋಶವು ಕಪಾಟಿನಲ್ಲಿ ಧೂಳು ತಿನ್ನುವದು. ಪಂಡಿತರು ಹೇಳುವದನ್ನು ಬಿಟ್ಟರೆ ಜನರ ನುಡಿಯು ಫಲಕಗಳ ಪಾಲಾಗುವದು.

ಕೊನೆಗೆ ‘ಪ್ರಜೆ’ ಎಂಬ ಒಂದು ಶಬ್ದವನ್ನು ವಾಚಕರ ಮುಂದೆ ಇಡುವೆವು. ಸಂಸ್ಕೃತದಲ್ಲಿ ಅದರ ಮೊದಲ ಅರ್ಥವು ಸಂತಾನ. ಅರಸನು ತಂದೆಯಂತಿರುವದರಿಂದ ಅವನ ಆಳ್ವಿಕೆಗೊಳಗಾದವರು ಪ್ರಜೆಗಳಾದರು. 1881ರಲ್ಲಿ ಮೈಸೂರಿನಲ್ಲಿ ದಿವಾನ ರಂಗಾಚಾರ್ಲು ಅವರ ಕಾಲದಲ್ಲಿ ಪ್ರಜಾಪ್ರತಿನಿಧಿ ಸಭೆಯು ಕೂಡಿದಾಗ ಪ್ರಜೆಯು ಅರಸನ ಮುಂದೆ ಕಷ್ಟವನ್ನು ಹೇಳಿಕೊಳ್ಳುವವನಾಗಿದ್ದನು. 1950ನೆಯ ಜನವರಿ 26ರಿಂದ ಅದೇ ಪ್ರಜೆಯು ಸರಕಾರವನ್ನು ಕಟ್ಟುವವನೂ ಕೆಡಹುವವನೂ ಆದನು. ಪ್ರಜೆ ಮತ್ತು ಪ್ರಭು ಎಂಬ ಎದುರಾಳಿ ಶಬ್ದಗಳು ಕೂಡಿ ‘ಪ್ರಜಾಪ್ರಭುತ್ವ’ ಎಂಬ ಒಂದೇ ಶಬ್ದವಾಗಿ ನಿಂತವು. ಮೂಲಾರ್ಥವೇ ಸರಿಯೆನ್ನುವವರು ನಮ್ಮನ್ನು ಮತ್ತೆ ಅರಸನ ಮಕ್ಕಳನ್ನಾಗಿ ಮಾಡುವರೇ? ಇಲ್ಲಿ ಶಬ್ದವನ್ನು ಬದಲಿಸಿದವರು ಜನರು. ಅದರಿಂದ ನುಡಿಗೆ ನಷ್ಟವಾಗದೆ ಲಾಭವಾಯಿತು. ಶಬ್ದವು ಕನ್ನಡಿಗನ ನಾಲಗೆಗೆ ಸಹಜವಾಗಿ ಕುಳಿತಿತು. ಮೂರು ಪ್ರಶ್ನೆಗಳಿಗೂ ಉತ್ತರ ದೊರೆಯಿತು. ಇಂಥ ಬದಲಾವಣೆಯನ್ನು ನಾವು ಎರಡು ಕೈಗಳಿಂದ ಬರಮಾಡಿಕೊಳ್ಳತಕ್ಕದ್ದು.

ರೂಢಿಗೆ ಅಧಿಕಾರವುಂಟು, ಆದರೆ ಅದು ಪ್ರಶ್ನೆಗೆ ಮೀರಿದ ಅಧಿಕಾರವಲ್ಲ. ಎಲ್ಲವನ್ನೂ ತಡೆಯುವವನು ನುಡಿಯನ್ನು ಕಲ್ಲು ಮಾಡುವನು. ಎಲ್ಲವನ್ನೂ ಬಿಡುವವನು ಅದನ್ನು ಬೇಲಿಯಿಲ್ಲದ ಹೊಲ ಮಾಡುವನು. ಒಳ್ಳೆಯ ಒಕ್ಕಲಿಗನು ಕಳೆಯನ್ನು ಕೀಳುತ್ತಾನೆ, ಬೆಳೆಯನ್ನು ಬೆಳೆಯಗೊಡುತ್ತಾನೆ. ನೆರೆಯ ಸೀಮೆಯಿಂದ ಬಂದ ಒಳ್ಳೆಯ ಬೀಜವನ್ನು ಕಳೆಯೆಂದು ಕಿತ್ತು ಬಿಸುಡುವದಿಲ್ಲ. ನಾಡನ್ನು ಕೂಡಿಸಲು ನಮ್ಮ ಹಿರಿಯರಿಗೆ ಅನೇಕ ವರುಷಗಳು ಬೇಕಾದವು. ಆ ನಾಡಿನ ಮಾತುಗಳನ್ನು ಒಬ್ಬರೊಬ್ಬರು ಗೌರವದಿಂದ ಕೇಳಿಸಿಕೊಳ್ಳುವದು ನಮ್ಮ ಪಾಲಿಗೆ ಉಳಿದ ಕೆಲಸ. ಅದನ್ನು ನಾಳೆಯ ಪಾಠದಿಂದಲೇ, ಮುಂದಿನ ಅರ್ಜಿಯಿಂದಲೇ, ಬರುವ ಹಬ್ಬದ ಫಲಕದಿಂದಲೇ ಆರಂಭಿಸಬಹುದು.